ಗುಳ್ಳೆಗೊಂದು ಗ್ರೀಕ್ ಹೆಸರು

ನನಗೊಂದು ಕೆಟ್ಟ ಅಭ್ಯಾಸವಿದೆ. ಯಾರ ಮೈಮೇಲೆ ಗುಳ್ಳೆ ಕಂಡರೂ ಅದರ ಹೆಸರು ತಾನಾಗಿ ಬಾಯಿಗೆ ಬಂದುಬಿಡುತ್ತದೆ. ಹೆಸರೆಂದರೆ ಅಂತಿಂಥ ಹೆಸರಲ್ಲ, ಹಳೆಯ ಗ್ರೀಕರು ಇಟ್ಟ ಹೆಸರು. ಮೊನ್ನೆ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಕೆಳಗಿನ ಮನೆಯ ಮಲಯಾಳಿ ಹೆಂಗಸು ಮಗುವನ್ನು ಎತ್ತಿಕೊಂಡು ನಿಂತಿದ್ದರು. ಮಗುವಿನ ಕುತ್ತಿಗೆಯ ತುಂಬ ಬೆವರುಸಾಲೆ. ನಾನು ತಡೆಯಲಾರದೆ, "ಅಬ್ಬ, ಎಂಥ ಚಂದದ ಎಕ್ಸಾಂಥಿಮಾ!" ಅಂದೆ. ಆಕೆ ನಾಚಿಕೊಂಡು, "ಥ್ಯಾಂಕ್ಯೂ, ಇವಳ ಅಮ್ಮಮ್ಮ ಊರಿಂದ ಕಳಿಸಿದ್ದು" ಎಂದು ಮಗುವಿನ ಫ್ರಾಕನ್ನು ಸರಿಮಾಡಿದರು. ಎಕ್ಸಾಂಥಿಮಾ ಅಂದರೆ ಮೈಮೇಲೆ ಏಳುವ ದದ್ದು. ಪದದ ಒಳಗಿರುವ ಅರ್ಥ ಅರಳುವುದು, ಹೂಬಿಡುವುದು. ಹಾಗಾಗಿ ನಾನೇನೂ ಬೈದದ್ದಲ್ಲ.

ಈ ಹುಚ್ಚು ಹಚ್ಚಿದವರು ಡಾಕ್ಟರ್ ಯಾನಿಸ್. ನಾನು ದುಬೈಗೆ ಬಂದ ಹೊಸತು, ಎರಡು ಸಾವಿರದ ಹನ್ನೆರಡೋ ಹದಿಮೂರೋ ಇರಬೇಕು. ಉಡುಪಿಯಲ್ಲಿ ಬಿಕಾಂ ಮುಗಿಸಿ, ಡಿಸ್ಕವರಿ ಗಾರ್ಡನ್ಸಿನಲ್ಲಿದ್ದ ಚಿಕ್ಕಮ್ಮನ ಮನೆಯ ಹಾಲಿನಲ್ಲಿ ಒಂದು ಸೋಫಾ-ಕಮ್-ಬೆಡ್ಡಿನ ಒಡತಿಯಾಗಿ ಕೆಲಸ ಹುಡುಕುತ್ತಿದ್ದೆ. ವಿಸಿಟ್ ವೀಸಾ ಮುಗಿಯುವ ಹೊತ್ತಿಗೆ ಸಿಕ್ಕಿದ್ದು ದೇರಾದ ಒಂದು ಚರ್ಮರೋಗದ ಕ್ಲಿನಿಕ್ಕಿನ ರಿಸೆಪ್ಷನ್. ಕೆಳಗೆ ಮಸಾಲೆಯ ಸಗಟು ಅಂಗಡಿ, ಮೇಲೆ ನಾವು. ಮೆಟ್ಟಿಲು ಹತ್ತಿ ಬರುವ ರೋಗಿಗಳು ಕರಿಮೆಣಸಿನ ಘಾಟಿಗೆ ಸೀನುತ್ತ ಬಂದು, ಮೈ ಕೆರೆದುಕೊಳ್ಳುತ್ತ ಕೂರುತ್ತಿದ್ದರು. ನಾನು ಫೋನಿನಲ್ಲಿ ತುಳು ಮಾತಾಡುತ್ತೇನೆ ಎಂಬ ಸುದ್ದಿ ಅದು ಹೇಗೋ ಹಬ್ಬಿ, ಕೆಲವೇ ತಿಂಗಳಲ್ಲಿ ಕರಾವಳಿಯ ತುರಿಕೆಯೆಲ್ಲ ನಮ್ಮ ಕ್ಲಿನಿಕ್ಕಿಗೇ ಬರತೊಡಗಿತು. ಅವರಿಗೂ ಸುಖ. "ಎಲ್ಲಿ ತುರಿಸ್ತದೆ" ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಲು ಯಾರಿಗೆ ತಾನೇ ಮನಸ್ಸಾಗುತ್ತದೆ ಹೇಳಿ?

ಯಾನಿಸ್ ಗ್ರೀಸಿನವರು. ಬೋಳು ತಲೆ, ಆ ನಷ್ಟವನ್ನು ತುಂಬಿಕೊಡುವಂಥ ಹುಬ್ಬು. ಅವರ ಅಪ್ಪ ಊರಲ್ಲಿ ಹಳೆಗ್ರೀಕ್ ಕಲಿಸುವ ಮೇಷ್ಟ್ರಾಗಿದ್ದರಂತೆ. ಮಗ ಡಾಕ್ಟರಾದದ್ದು ಅಪ್ಪನಿಗೆ ಅಷ್ಟೇನೂ ಹಿಡಿಸಿರಲಿಲ್ಲವಂತೆ. ಅಪ್ಪನನ್ನು ಒಲಿಸಿಕೊಳ್ಳಲೆಂದೇ ಇವರು ಚರ್ಮರೋಗ ಆರಿಸಿಕೊಂಡರಂತೆ, ಏಕೆಂದರೆ ಹುಣ್ಣು, ಗುಳ್ಳೆ, ಕುರುಗಳಿಗೆ ಗ್ರೀಕರಲ್ಲಿ ಇದ್ದಷ್ಟು ಹೆಸರು ದೇವರಿಗೂ ಇರಲಿಲ್ಲವಂತೆ. ಒಮ್ಮೆ ಪಠಾಣ್ ಟ್ಯಾಕ್ಸಿ ಡ್ರೈವರನೊಬ್ಬ ಬೆನ್ನಿನ ಕುರು ಹೊತ್ತುಕೊಂಡು, ಕುಳಿತರೆ ಏಳಲಾರದೆ, ಎದ್ದರೆ ಕೂರಲಾರದೆ ಬಂದ. ಯಾನಿಸ್ ನೋಡಿದವರೇ ಕೈ ಉಜ್ಜಿಕೊಂಡು, "ಇದನ್ನು ನಮ್ಮವರು ಆಂಥ್ರಾಕ್ಸ್ ಅಂತಿದ್ದರು. ಹೆದರಬೇಡ, ಆ ಹೆಸರಿನ ಕೆಟ್ಟ ರೋಗ ಬೇರೆ. ಹಳೆಯ ಅರ್ಥ ಕೆಂಡ" ಅಂದರು. ನಾನು ಹಿಂದಿಯಲ್ಲಿ ಹೇಳಿದೆ. ಅವನ ಕಣ್ಣು ತುಂಬಿ ಬಂತು. "ಅಂಗಾರಾ! ಬಿಲ್ಕುಲ್ ಅಂಗಾರಾ, ಬಹನ್ ಜೀ!" ಎಂದು ಡಾಕ್ಟರ ಕೈ ಹಿಡಿದುಕೊಂಡ. ಔಷಧಿ ಕೊಡುವ ಮೊದಲೇ ಅವನಿಗೆ ಅರ್ಧ ವಾಸಿಯಾಗಿತ್ತು.

ಮಧ್ಯಾಹ್ನ ರೋಗಿಗಳಿಲ್ಲದ ಹೊತ್ತಿನಲ್ಲಿ ಸುಲೈಮಾನಿ ಚಹಾ ಕುಡಿಯುತ್ತ ನಮ್ಮಿಬ್ಬರದು ಪದಗಳ ಕುಸ್ತಿ. ಅವರು ಒಂದು ಬಿಟ್ಟರೆ ನಾನೊಂದು ಬಿಡಬೇಕು. ಅವರು ಪೆಂಫಿಕ್ಸ್ ಅಂದರು. ಅದು ಬೊಕ್ಕೆಯೂ ಹೌದು, ನೀರಗುಳ್ಳೆಯೂ ಹೌದು, ಉಸಿರೂ ಹೌದಂತೆ. ನಾನು ಉಗುರುಸುತ್ತು ಅಂದೆ. ಅವರು ಬಾಯಿಹುಣ್ಣಿಗೆ ಆಫ್ಥಾ ಅಂದರು, ಬೆಂಕಿ ಹೊತ್ತಿಸುವ ಮಾತಿನಿಂದ ಬಂದದ್ದು. ತಲೆಯಲ್ಲಿ ಏಳುವ ಕೀವಿನ ಗುಳ್ಳೆಗೆ ಕೆರಿಯೊನ್ ಅಂದರು, ಜೇನುಹುಟ್ಟು. ನಾನು ಗಜಕರ್ಣ ತೆಗೆದೆ. ಆನೆಯ ಕಿವಿಯೆಂದು ಅರ್ಥ ಬಿಡಿಸಿದ್ದೇ ತಡ, "ಇದು ಮೋಸ! ನಮ್ಮ ಊರಲ್ಲಿ ಆನೆಯೇ ಇರಲಿಲ್ಲ" ಎಂದು ಗ್ಲಾಸು ಕುಕ್ಕಿದರು. ಇನ್ನೊಂದು ದಿನ ಹರ್ಪಿಸ್ ಎಂದರೆ ತೆವಳುವುದು, ಜೋಸ್ಟರ್ ಎಂದರೆ ಸೊಂಟಪಟ್ಟಿ ಎಂದು ಅವರು ವಿವರಿಸಿದಾಗ, ನಮ್ಮಲ್ಲಿ ಅದೇ ರೋಗಕ್ಕೆ ಸರ್ಪಸುತ್ತು ಅನ್ನುತ್ತಾರೆ, ಹಾವು ಸೊಂಟ ಸುತ್ತುವುದು ಎಂದೆ. ಮನುಷ್ಯ ಕುರ್ಚಿಯಿಂದ ಎದ್ದೇ ನಿಂತರು. "ವಾರಿಜಾ, ನಿಮ್ಮವರೂ ನಮ್ಮವರೂ ಯಾವತ್ತೋ ಒಂದೇ ರೋಗಿಯನ್ನು ನೋಡಿದ್ದಾರೆ!" ಎಂದು ಕೂಗಿದರು. ಹೊರಗೆ ಕಾಯುತ್ತಿದ್ದ ಫಿಲಿಪಿನೊ ಹುಡುಗಿ ಬೆಚ್ಚಿ ಹೊರಟೇಹೋದಳು.

ಅವರು ಕಲಿಸಿದ್ದರಲ್ಲಿ ನನಗೆ ಅತಿ ಪ್ರಿಯವಾದದ್ದು ಪ್ಸಿದ್ರಾಕ್ಸ್. ಸುಳ್ಳು ಹೇಳಿದವರ ನಾಲಿಗೆಯ ತುದಿಯಲ್ಲಿ ಏಳುತ್ತದೆಂದು ಗ್ರೀಕರು ನಂಬಿದ್ದ ಬಿಳಿಯ ಬೊಕ್ಕೆ. ಕೇಳಿದೊಡನೆ ನನಗೆ ಅಜ್ಜಿಯ ನೆನಪಾಯಿತು. ನಮ್ಮ ಗೇರುಗುಡ್ಡೆಯಲ್ಲಿ ಎಳೆಯ ಬೀಜ ಕದ್ದು ಹಲ್ಲಿನಿಂದ ಕಚ್ಚಿ ಒಡೆಯುವುದು ನಮ್ಮ ಬಾಲ್ಯದ ಮುಖ್ಯ ಉದ್ಯೋಗವಾಗಿತ್ತು. ಸೊನೆ ತಾಗಿದ ತುಟಿಯ ಸುತ್ತ ಮರುದಿನ ಬೆಳಿಗ್ಗೆ ಬೊಕ್ಕೆಗಳು. ಅಜ್ಜಿ ಸಾಕ್ಷಿ ಕೇಳುತ್ತಿರಲಿಲ್ಲ, ಸಾಲಾಗಿ ನಿಲ್ಲಿಸಿ ಗಲ್ಲ ಎತ್ತಿ ನೋಡುತ್ತಿದ್ದರು. "ನಾನು ತಿನ್ನಲಿಲ್ಲ" ಅಂದರೆ, "ತಿಂದದ್ದಕ್ಕೆ ತುಟಿಯಲ್ಲಿ ಬಂತು, ಸುಳ್ಳು ಹೇಳಿದ್ದಕ್ಕೆ ಇನ್ನು ನಾಲಿಗೆಯಲ್ಲಿ ಬರ್ತದೆ ನೋಡು" ಎನ್ನುವರು. ಆಮೇಲೆ ತೆಂಗಿನೆಣ್ಣೆ ಹಚ್ಚುವರು, ಹಚ್ಚುವಾಗ ಒಂದು ಕುಟ್ಟುವರು. ಅಜ್ಜಿಗೆ ಗ್ರೀಕ್ ಬರುತ್ತಿರಲಿಲ್ಲ ಎಂದು ಈಗಲೂ ನನಗೆ ಪೂರ್ತಿ ನಂಬಿಕೆಯಿಲ್ಲ.

ಇಷ್ಟರಲ್ಲಿ ನನಗೂ ಒಂದು ತರಹದ ಜ್ವರ ಬಂತು. ಅದರ ಹೆಸರು ದಿನಕರ.

ಅವನನ್ನು ಮೊದಲು ನೋಡಿದ್ದು ದುಬೈಯಲ್ಲಿ ನಮ್ಮ ಊರವರು ಆಡಿದ ತುಳು ನಾಟಕದಲ್ಲಿ. ಪಾತ್ರವಿರಲಿಲ್ಲ, ಪರದೆ ಎಳೆಯುವ ಕೆಲಸ. ಕೊನೆಯ ದೃಶ್ಯಕ್ಕೆ ಪರದೆ ಅರ್ಧಕ್ಕೇ ಸಿಕ್ಕಿಹಾಕಿಕೊಂಡಿತು. ಅವನು ಹಗ್ಗ ಜಗ್ಗುತ್ತ, ಜಗ್ಗುತ್ತ, ವೇದಿಕೆಯ ನಟ್ಟನಡುವಿಗೆ ಬಂದುಬಿಟ್ಟ. ಒಂದು ಪಕ್ಕದಲ್ಲಿ ಸತ್ತು ಬಿದ್ದ ಖಳನಾಯಕ, ಇನ್ನೊಂದು ಪಕ್ಕದಲ್ಲಿ ಅಳುತ್ತಿರುವ ತಾಯಿ, ಮಧ್ಯೆ ಲುಂಗಿ ಎತ್ತಿಕಟ್ಟಿದ ಇವನು. ಜನ ಶಿಳ್ಳೆ ಹೊಡೆದರು. ಬೇರೆಯವನಾದರೆ ಓಡುತ್ತಿದ್ದ. ಇವನು ಜನರಿಗೊಂದು ನಮಸ್ಕಾರ ಮಾಡಿ, ಹೆಣದ ಹತ್ತಿರ ಹೋಗಿ, "ಅಣ್ಣಾ, ಸ್ವಲ್ಪ ಎದ್ದು ಆ ತುದಿ ಹಿಡೀತೀರಾ?" ಅಂದ. ಹೆಣ ಎದ್ದು ಪರದೆ ಎಳೆಯಿತು. ನಾನು ನಕ್ಕು ನಕ್ಕು, ಮರುದಿನ ಮೆಟ್ರೊದಲ್ಲಿ ನೆನೆದು ನಕ್ಕು, ಹೆಂಗಸರ ಡಬ್ಬಿಯಲ್ಲಿ ಪಕ್ಕದವರು ಜಾಗ ಬಿಟ್ಟು ದೂರ ಕೂರುವಷ್ಟು ನಕ್ಕೆ. ಆಮೇಲೆ ನಗು ನಿಂತಿತು, ನೆನೆಯುವುದು ಮಾತ್ರ ನಿಲ್ಲಲಿಲ್ಲ. ಅವನು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಪೇಂಟ್ ಕಾರ್ಖಾನೆಯಲ್ಲಿ ಬಣ್ಣ ಹದಮಾಡುವವನೆಂದೂ ಇನ್ನೂ ಮದುವೆಯಾಗಿಲ್ಲವೆಂದೂ ಹೇಗೆ ಗೊತ್ತಾಯಿತೆಂದು ಮಾತ್ರ ಕೇಳಬೇಡಿ.

ದೇವರು ದೊಡ್ಡವನು. ಚಿಕ್ಕಮ್ಮ ಒಂದು ದಿನ ಬಸಳೆ ಸೊಪ್ಪು ತರಲು ಹೋದವಳು ಅಂಗಡಿಯಲ್ಲಿ ದಿನಕರನ ಅಕ್ಕ ಸರೋಜಕ್ಕನನ್ನು ಭೇಟಿಯಾಗಿ, ಒಂದೇ ಕಟ್ಟಿಗೆ ಇಬ್ಬರೂ ಕೈಹಾಕಿ, ಜಗಳವಾಗಬೇಕಾದದ್ದು ಸಂಬಂಧದ ಮಾತಾಗಿ ತಿರುಗಿ, ಸೊಪ್ಪನ್ನೂ ನನ್ನನ್ನೂ ಹಂಚಿಕೊಂಡು ಮನೆಗೆ ಬಂದಳು. "ವಾರಿಜಾ, ಶುಕ್ರವಾರ ಹುಡುಗ ಬರ್ತಾನೆ. ಹೆಸರು ದಿನಕರ." ನಾನು ಕೈಯಲ್ಲಿದ್ದ ನೀರುಳ್ಳಿಯನ್ನು ಹಾಗೇ ಹಿಡಿದುಕೊಂಡು ಬಚ್ಚಲಿಗೆ ಹೋಗಿ, ಬಾಗಿಲು ಹಾಕಿ, ಕುಣಿದೆ.

ಹೊರಗೆ ಬಂದಾಗ ಚಿಕ್ಕಮ್ಮ ಮುಂದಿನ ಮಾತು ಹೇಳಿದಳು. "ಆದ್ರೆ ನೀನು ಕಜ್ಜಿ ಡಾಕ್ಟರ ಹತ್ರ ಇರುವುದು ಅಂತ ನಾನು ಹೇಳಲಿಲ್ಲ."

"ಮತ್ತೆ ಎಂತ ಹೇಳಿದ್ದು?"

"ಅಬುಧಾಬಿಯಲ್ಲಿ ದೊಡ್ಡ ಆಸ್ಪತ್ರೆ, ಹಾರ್ಟಿನದ್ದು. ಎಡ್ಮಿನಿಸ್ಟ್ರೇಶನ್. ದಿನಾ ಹೋಗಿ ಬರ್ತಾಳೆ ಅಂತ. ಮತ್ತೆ ಎಂತ ಹೇಳುವುದು ಮಾರಾಯ್ತಿ? ಇಡೀ ದಿನ ಹುಣ್ಣು ಹಿಡಿದವರ ಮಧ್ಯೆ ಕೂರ್ತಾಳೆ ಅಂದ್ರೆ ಯಾರಾದ್ರೂ ಮನೆ ತುಂಬಿಸಿಕೊಳ್ತಾರಾ? ನಾಳೆ ನಿನ್ನ ಕೈಯಡಿಗೆ ಉಣ್ಬೇಕಲ್ಲ ಅವ್ರಿಗೆ." ಸ್ವಲ್ಪ ತಡೆದು ಸೇರಿಸಿದಳು. "ಚೆಂದ ಭಜನೆ ಹಾಡ್ತಾಳೆ ಅಂತ ಕೂಡ ಹೇಳಿದ್ದೇನೆ."

ನಾನು ಹಾಡಿದರೆ ನಮ್ಮೂರಲ್ಲಿ ಹಾಲು ಒಡೆಯುತ್ತದೆ ಎಂಬ ಪ್ರತೀತಿ ಇತ್ತು. ಚಿಕ್ಕಪ್ಪ ಪೇಪರಿನ ಹಿಂದಿನಿಂದ, "ಖಲಾಸ್" ಅಂದರು, ಅಷ್ಟೆ.

ಗುರುವಾರ ಸಂಜೆ ಚಿಕ್ಕಮ್ಮ ಕಾಶಿ ಹಲ್ವ ಮಾಡುತ್ತಿದ್ದಳು. ನಾನು ಸಂತೋಷ ತಡೆಯಲಾರದೆ ಕುದಿಯುವ ಹಲ್ವವನ್ನು ಸೌಟಿನಿಂದಲೇ ನೆಕ್ಕಿದೆ. ಶುಕ್ರವಾರ ಎದ್ದು ಕನ್ನಡಿ ನೋಡಿದರೆ ನಾಲಿಗೆಯ ತುದಿಯಲ್ಲಿ ಒಂದು ಬಿಳಿಯ ಬೊಕ್ಕೆ, ಹೊಳೆಯುತ್ತ ಕೂತಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗೆ. ಸುಳ್ಳು ಹೇಳಿದವಳು ಚಿಕ್ಕಮ್ಮ, ಪ್ಸಿದ್ರಾಕ್ಸ್ ಎದ್ದದ್ದು ನನಗೆ. ಡಾಕ್ಟರಿಗೆ ಫೋನು ಮಾಡಿ ಹೇಳಿದೆ. ಮನುಷ್ಯ ಆ ಕಡೆಯಿಂದ ಬಿದ್ದು ಬಿದ್ದು ನಕ್ಕು, ಉಪ್ಪುನೀರು ಮುಕ್ಕಳಿಸು ಅಂದರು. ಮುಕ್ಕಳಿಸಿದೆ. ಉರಿ ಇನ್ನೂ ಜಾಸ್ತಿಯಾಯಿತು.

ನಾಲಿಗೆಯ ತುದಿ ಹಲ್ಲಿಗೆ ತಾಗದೆ ಎಷ್ಟು ಮಾತಾಡಬಹುದೆಂದು ನೀವೇ ಪ್ರಯತ್ನಿಸಿ ನೋಡಿ. ಮಧ್ಯಾಹ್ನದ ಊಟದ ನಂತರ ಅವರು ಬಂದರು. ಬಾಗಿಲಲ್ಲಿ ಬೆಲ್ಲ, ನೀರು ಕೊಟ್ಟದ್ದಾಯಿತು. ದಿನಕರ ಹೊಚ್ಚಹೊಸ ಕಪ್ಪು ಶೂ ಹೊರಗೆ ಬಿಟ್ಟು, ಸಾಕ್ಸಿನಲ್ಲೇ ಒಳಬಂದ. ಬಾಗಿಲಿನಿಂದ ಸೋಫಾದವರೆಗಿನ ದಾರಿಯನ್ನು ಅವನು ನಡೆದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಒಂದು ಕಾಲು ನೆಲಕ್ಕೆ, ಇನ್ನೊಂದು ಬೆರಳ ತುದಿಯಲ್ಲಿ, ನಡುವೆ ಸಣ್ಣದೊಂದು ನೆಗೆತ. ಚಿಕ್ಕಮ್ಮನ ಹುಬ್ಬು ಮೇಲೇರಿತು.

"ಎಲ್ಲಿ ಕೆಲಸ ಮಗಾ?" ಸರೋಜಕ್ಕ ಕೇಳಿದರು.

"ಆಥ್ಪತ್ರೆ" ಅಂದೆ.

"ಎಂತ ಕೆಲಸ?"

"ಎಡ್ಮಿನಿಥ್ಟ್ರೇಥನ್." ನೋವಿಗೆ ಕಣ್ಣಲ್ಲಿ ನೀರು ಬಂತು. ಸರೋಜಕ್ಕ ತಮ್ಮನನ್ನು ನೋಡಿದರು. ತಮ್ಮ ತನ್ನ ಹಿಮ್ಮಡಿಯನ್ನು ಸೋಫಾದ ಕಾಲಿಗೆ ತಾಗದಂತೆ ಕಾಯುವುದರಲ್ಲಿ ಮುಳುಗಿದ್ದ.

"ಒಂದು ಭಜನೆ ಹಾಡ್ತೀಯಾ?" ಅಂದರು.

"ಎಸಿಯಿಂದ ಗಂಟಲು ಕೂತಿದೆ ಅವಳಿಗೆ" ಎಂದು ಚಿಕ್ಕಮ್ಮ ಹಾರಿ ಬಂದು ಹಲ್ವ ಬಡಿಸಿದಳು. ಇಡೀ ಶಾಸ್ತ್ರದಲ್ಲಿ ದಿನಕರ ನನ್ನೊಡನೆ ಆಡಿದ್ದು ಒಂದೇ ಮಾತು. "ಹಲ್ವ ನೀವು ಮಾಡಿದ್ದಾ?" ನಾನು ತಲೆ ಅಲ್ಲಾಡಿಸಿದೆ. ಹೌದೆಂದೋ ಅಲ್ಲವೆಂದೋ ಅವನಿಗೆ ತಿಳಿಯದಂತೆ ಅಲ್ಲಾಡಿಸಿದೆ. ಅವನು ನಕ್ಕ. ಆ ನಗು ನೋಡಿ ನನಗೆ ಹಾಡಿಬಿಡುವಷ್ಟು ಧೈರ್ಯ ಬಂದಿತ್ತು.

ಅವರು ಹೋದ ಮೇಲೆ ಚಿಕ್ಕಮ್ಮ ಬಾಗಿಲು ಹಾಕಿ ಬೆನ್ನು ಆನಿಸಿ ನಿಂತಳು. "ಹುಡುಗನಿಗೆ ಕಾಲು ಕುಂಟು. ಅಡಗಿಸಿದ್ದಾರೆ. ಎಷ್ಟು ಸುಳ್ಳು ಜನ ಅಂತೇನೆ!" ಅಂದಳು. ನಾಟಕದ ದಿನ ಸರಿಯಾಗಿಯೇ ನಡೆಯುತ್ತಿದ್ದ ಎಂದು ನಾನು ಹೇಳಹೋದೆ. ಥರಿಯಾಗಿ, ನಾತಕ, ಏನೇನೋ ಹೊರಟಿತು. "ನೀನು ಬಾಯಿ ಮುಚ್ಚು, ಮೊದಲೇ ಹುಣ್ಣು" ಎಂದಳು.

ನಮ್ಮ ಕಡೆ ಸಂಬಂಧ ಬೇಡವೆಂದರೆ ಕಾರಣ ಹೇಳುವ ಕ್ರಮವಿಲ್ಲ. ಮೂಗು ಉದ್ದವೆಂದೋ ಮನೆ ಸಣ್ಣದೆಂದೋ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಜಾತಕ ಕೂಡಿ ಬರಲಿಲ್ಲ ಅಂದರೆ ಮುಗಿಯಿತು. ತಪ್ಪೆಲ್ಲ ಗ್ರಹಗಳದ್ದು, ಅವು ಜಗಳಕ್ಕೆ ಬರುವುದಿಲ್ಲ, ಮುಂದಿನ ಮದುವೆ ಮನೆಯಲ್ಲಿ ಎದುರಾದರೂ ಮುಖ ತಿರುಗಿಸುವುದಿಲ್ಲ. ದುಬೈಯಂಥ ಊರಲ್ಲಿ, ಇರುವ ನಾಲ್ಕು ಜನ ದಿನಾ ಅದೇ ಬಸಳೆ ಅಂಗಡಿಯಲ್ಲಿ ಸೇರುವಲ್ಲಿ, ಇದು ಬಹಳ ಉಪಕಾರದ ಪದ್ಧತಿ. ಶನಿವಾರ ಬೆಳಿಗ್ಗೆ ಚಿಕ್ಕಮ್ಮ ಫೋನು ಎತ್ತಿಕೊಳ್ಳುವಷ್ಟರಲ್ಲಿ ಅದೇ ಬಡಿದುಕೊಂಡಿತು. ಆ ಕಡೆಯಿಂದ ಸರೋಜಕ್ಕ.

"ಬೇಜಾರು ಮಾಡಬೇಡಿ ಅಕ್ಕಾ, ಜಾತಕ..."

"ಅಯ್ಯೋ, ನಾನೂ ಅದನ್ನೇ ಹೇಳುವ ಅಂತ! ಕೂಡುವುದಿಲ್ಲ ಅಲ್ವಾ?"

"ಇಲ್ಲ ಅಕ್ಕಾ. ಒಂದು ಗುಣವೂ ಇಲ್ಲ."

"ನಮ್ಮ ಜೋಯಿಸ್ರು ಅದನ್ನೇ ಹೇಳಿದ್ದು!"

ಇಬ್ಬರೂ ಎಷ್ಟು ಪ್ರೀತಿಯಿಂದ ಫೋನು ಇಟ್ಟರೆಂದರೆ, ಕೇಳಿದವರು ನಿಶ್ಚಿತಾರ್ಥವಾಯಿತೆಂದು ತಿಳಿಯಬೇಕು. ಅವರ ಕಡೆಯಿಂದ ಬಂದಿದ್ದ ಜಾತಕವನ್ನು ಚಿಕ್ಕಮ್ಮ ವಾಟ್ಸಾಪಿನಲ್ಲಿ ತೆರೆದೂ ನೋಡಿರಲಿಲ್ಲ. ನಾನು ಮತ್ತೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಈ ಸಲ ಕುಣಿಯಲಿಲ್ಲ, ನಲ್ಲಿ ಬಿಟ್ಟುಕೊಂಡು ಅತ್ತೆ. ನನಗೆ ಅವನು ಬೇಕಾಗಿತ್ತು. ಅಷ್ಟು ಬೇಕಾಗಿತ್ತೆಂದು ಕಳೆದುಕೊಳ್ಳುವವರೆಗೆ ನನಗೇ ಗೊತ್ತಿರಲಿಲ್ಲ. ಅಳುತ್ತ ಇನ್ನೊಂದು ಯೋಚನೆ ಬಂದು ದುಃಖ ಇಮ್ಮಡಿಸಿತು. ನಾಲಿಗೆಯ ಬೊಕ್ಕೆ ನಾಲ್ಕು ದಿನದಲ್ಲಿ ಮಾಯುತ್ತದೆ, ಕೂಡದ ಜಾತಕ ಯಾವ ಮುಲಾಮಿಗೂ ಮಾಯುವುದಿಲ್ಲ.

ಬೊಕ್ಕೆ ಮಾದದ್ದು ಮಂಗಳವಾರ. ಅವತ್ತು ಸಂಜೆ ಕ್ಲಿನಿಕ್ಕಿನಲ್ಲಿ ಕೂತಿದ್ದೇನೆ, ಮೆಟ್ಟಿಲ ಮೇಲೆ ಕರಿಮೆಣಸಿನ ಸೀನು ಕೇಳಿತು. ಆಮೇಲೆ ಹೆಜ್ಜೆ. ಒಂದು ಹೆಜ್ಜೆ ಗಟ್ಟಿ, ಇನ್ನೊಂದು ಮೆಲ್ಲ. ನಾನು ತಲೆಯೆತ್ತಿದೆ. ಬಚ್ಚಲಿನ ರಬ್ಬರ್ ಚಪ್ಪಲಿ ಹಾಕಿಕೊಂಡು ದಿನಕರ ಬಾಗಿಲಲ್ಲಿ ನಿಂತಿದ್ದಾನೆ. ನಾನು ಕೂಡಲೇ ಕೌಂಟರಿನ ಕೆಳಗೆ ಕೂತುಬಿಟ್ಟೆ.

"ಹಲೋ? ತುಳು ಗೊತ್ತಿರುವವರು ಇದ್ದಾರೆ ಅಂತ ಹೇಳಿದ್ರು..." ಮೇಲಿನಿಂದ ದನಿ ಬಂತು.

ನಾನು ಉಸಿರು ಬಿಗಿಹಿಡಿದೆ. ಬಿಗಿಹಿಡಿದಷ್ಟೂ ಕರಿಮೆಣಸು ಮೂಗಿಗೇರಿತು. ಸೀನಿದೆ. ಕೌಂಟರಿನ ಮೇಲೆ ಒಂದು ತಲೆ ಬಗ್ಗಿತು.

"ನೀವು ಅಬುಧಾಬಿಯಲ್ಲಿ ಅಲ್ವಾ?"

ಇನ್ನು ಬಚ್ಚಿಡಲು ಉಳಿದದ್ದೇನು? ಎದ್ದು ನಿಂತು, ಸೆರಗಿನ ಧೂಳು ಕೊಡವಿ, ಗಂಟಲು ಸರಿಮಾಡಿಕೊಂಡೆ. "ಅಲ್ಲ. ಇದೇ ನನ್ನ ಆಸ್ಪತ್ರೆ. ಸಾರಿ. ಚಿಕ್ಕಮ್ಮ ಸುಳ್ಳು ಹೇಳಿದ್ದು. ಸ್ವಲ್ಪ ಕೂತ್ಕೊಳ್ಳಿ."

ಅವನು ಕೂರಲಿಲ್ಲ. "ನಿಮಗೆ ಸರಿಯಾಗಿ ಮಾತು ಬರ್ತದೆ!" ಅಂದ.

"ನಾಲಿಗೆ ಸುಟ್ಟಿತ್ತು, ಹಲ್ವದಲ್ಲಿ. ನಿಮಗೆ ನಡೆಯಲು ಬರ್ತದಾ?"

"ಬರ್ತದಪ್ಪ! ಶೂ ಕಚ್ಚಿದ್ದು. ದೊಡ್ಡ ಆಸ್ಪತ್ರೆಯ ಹುಡುಗಿ, ಚಪ್ಪಲಿ ಹಾಕ್ಕೊಂಡು ಹೋಗಬೇಡ ಅಂತ ಅಕ್ಕ ಒಂದು ನಂಬರು ಸಣ್ಣ ಶೂ ಕೊಡಿಸಿದ್ಳು, ಸೇಲಿನಲ್ಲಿ. ಈಗ ಹಿಮ್ಮಡಿ ಕೀವಾಗಿದೆ."

ಯಾನಿಸ್ ಗದ್ದಲ ಕೇಳಿ ಹೊರಬಂದು ಅವನನ್ನು ಒಳಗೆ ಎಳೆದುಕೊಂಡು ಹೋದರು. ಒಂದು ನಿಮಿಷ ಕಳೆದಿರಲಿಲ್ಲ, "ವಾರಿಜಾ! ಯಲ್ಲಾ, ಬಾ! ರೋಗಿಯ ಒಪ್ಪಿಗೆ ಇದೆ!" ಎಂಬ ಕೂಗು. ಹೋದೆ. ಅವನು ಮಂಚದ ಮೇಲೆ ಬೋರಲಾಗಿ ಮಲಗಿದ್ದ, ಕಾಲು ದೀಪದ ಕೆಳಗಿತ್ತು. ಗಂಡು ನೋಡುವ ಶಾಸ್ತ್ರದಲ್ಲಿ ಗಂಡಿನ ಹಿಮ್ಮಡಿಯನ್ನು ಹೀಗೆ ಬೆಳಕು ಹಿಡಿದು ನೋಡಿದ ಹೆಣ್ಣು ನಾನೊಬ್ಬಳೇ ಇರಬೇಕು. "ನೋಡು, ಇಷ್ಟು ಲಕ್ಷಣವಾದ ಫ್ಲಿಕ್ತೆನಾ ನೋಡಿ ಎಷ್ಟು ಕಾಲವಾಯಿತು! ಬೊಕ್ಕೆ ಅಂದರೆ ಇದು! ಉಕ್ಕಿ ಬಂದದ್ದು, ತುಂಬಿ ಬಂದದ್ದು!" ಎಂದು ಡಾಕ್ಟರು ಮಂತ್ರದಂತೆ ಹೇಳತೊಡಗಿದರು. ಶೂವಿನ ಕತೆ ಕೇಳಿದ ಮೇಲಂತೂ ಅವರು ಕೈ ತಟ್ಟಿದರು. "ಅಂದರೆ ಒಂದು ಸುಳ್ಳಿಗೆ ಎರಡು ಗುಳ್ಳೆ! ನಮ್ಮವರು ಇಷ್ಟು ಯೋಚಿಸಿರಲಿಲ್ಲ." ದಿನಕರ ದಿಂಬಿನಲ್ಲಿ ಮುಖವಿಟ್ಟು ನಗುತ್ತಿದ್ದ, ಅವನ ಹಿಮ್ಮಡಿಯೂ ಕುಲುಕುತ್ತಿತ್ತು. ಕೀವು ತೆಗೆಯುವಾಗ ಮಾತ್ರ ನನ್ನ ಕೈ ಹಿಡಿದುಕೊಂಡ. ಪಟ್ಟಿ ಕಟ್ಟಿ ಮುಗಿದ ಮೇಲೂ ಬಿಡಲಿಲ್ಲ, ನಾನೂ ನೆನಪಿಸಲಿಲ್ಲ.

ಹೊರಗೆ ಬಂದು ಇಬ್ಬರೂ ಬೆಂಚಿನ ಮೇಲೆ ಕೂತೆವು. ನಗು ಇಳಿದ ಮೇಲೆ ಅವನು ನಿಧಾನವಾಗಿ, "ಆದ್ರೆ ಜಾತಕ ಕೂಡುವುದಿಲ್ಲ ಅಂದ್ರಲ್ಲ" ಅಂದ. ಅವನ ಮುಖ ಬಾಡಿತ್ತು. ಆ ಬಾಡಿದ ಮುಖ ನೋಡಿ ನನಗಾದ ಸಂತೋಷವನ್ನು ನಾನು ಹೇಗೆ ಹೇಳಲಿ! ಅವನಿಗೂ ನಾನು ಬೇಕಾಗಿದ್ದೆ.

ನಾನು ಎದ್ದು ಕೌಂಟರಿಗೆ ಹೋಗಿ, ಅವನಿಂದ ನಂಬರು ಕೇಳಿ ಸರೋಜಕ್ಕನಿಗೆ ಫೋನು ಹಚ್ಚಿದೆ. ಈ ಸಲ ನಾಲಿಗೆ ನೆಟ್ಟಗೆ ನಿಂತಿತ್ತು.

"ಅಕ್ಕಾ, ನಾನು ವಾರಿಜ. ನಾನು ಅಬುಧಾಬಿಯಲ್ಲಿ ಇಲ್ಲ, ದೇರಾದಲ್ಲಿ ಕಜ್ಜಿ ಡಾಕ್ಟರ ಹತ್ರ ಕೆಲಸ ಮಾಡ್ತೇನೆ. ಹಾಡಲು ಬರುವುದಿಲ್ಲ. ಹಲ್ವ ಚಿಕ್ಕಮ್ಮ ಮಾಡಿದ್ದು. ನಿಮ್ಮ ತಮ್ಮ ಇಲ್ಲೇ ಕೂತಿದ್ದಾರೆ, ಕಾಲು ಸರಿ ಇದೆ. ನನಗೆ ಅವರನ್ನು ಮದುವೆ ಆಗಬೇಕು."

ಆ ಕಡೆ ಮಿಕ್ಸಿ ತಿರುಗುತ್ತಿದ್ದದ್ದು ನಿಂತಿತು.

"ಮತ್ತೆ ಜಾತಕ, ಮಗಾ?"

"ಚಿಕ್ಕಮ್ಮ ನೋಡಲೇ ಇಲ್ಲ ಅಕ್ಕಾ. ನೀವು ನೋಡಿದ್ದೀರಾ?"

ದಿನಕರ ಬೆಂಚಿನಿಂದ ಎದ್ದು ನಿಂತಿದ್ದ, ಎರಡೂ ಕಾಲೂರಿ.

"ಇಲ್ಲ ಮಾರಾಯ್ತಿ" ಅಂದರು ಸರೋಜಕ್ಕ. "ನಾಳೆಯೇ ತೋರಿಸುವ. ಕೂಡದಿದ್ರೆ ಬೇರೆ ಜೋಯಿಸ್ರಿಗೆ ತೋರಿಸುವ."